ಆಮೆಯ ಪಕ್ಕೆಲುಬು

ಮೋಜಣಿದಾರನು ಹೊಳೆಯಲ್ಲಿ ಸಿಕ್ಕ ತುಂಡನ್ನು ನಾಲಗೆಗೆ ತಾಗಿಸಿದನು. ಅದು ಅಂಟಿಕೊಂಡೊಡನೆ ಮಗುವಿನಂತೆ ನಕ್ಕನು. ಮೂಳೆಯ ಪಳೆಯುಳಿಕೆಯಾದರೆ ನಾಲಗೆಗೆ ಅಂಟುತ್ತದೆ, ಬರಿಯ ಕಲ್ಲಾದರೆ ಜಾರುತ್ತದೆ; ಆ ಸಂಗ್ರಹಾಲಯದಲ್ಲಿ ಎಲ್ಲರೂ ಬಲ್ಲ ಪರೀಕ್ಷೆಯದು. ಆದರೆ ಅತಿಥಿಯಾಗಿ ಬಂದಿದ್ದ ತಜ್ಞೆ ಅದನ್ನು ಅವನ ಕೈಯಿಂದ ಕಸಿದು, ಒರೆಸದೆಯೇ ತನ್ನ ನಾಲಗೆಗೂ ತಾಗಿಸಿದಾಗ, ಮೂಲೆಯ ಮೇಜಿನವಳು ಕೈಯಲ್ಲಿದ್ದ ಸೂಜಿಯನ್ನು ಮೇಜಿನ ಮೇಲೆ ಕುಕ್ಕಿದಳು.

ಸೂಜಿಯ ಮೊನೆಯಿಂದ ಪಳೆಯುಳಿಕೆಗಳ ಮಣ್ಣು ಬಿಡಿಸುವುದು ಅವಳ ಕೆಲಸ. ಎಲ್ಲರ ಬಾಯಲ್ಲೂ ಅವಳು ‘ಸೂಜಿ’. ಹೊಳೆಯ ಪಾತ್ರವನ್ನು ಅಳೆಯುತ್ತ ತಿರುಗುವ ಮೋಜಣಿದಾರನು ಸಿಕ್ಕಿದ್ದನ್ನೆಲ್ಲ ಮೊದಲು ಅವಳ ಮುಂದಿಟ್ಟು, ಬರಿಯ ಕಲ್ಲೆಂದು ಬೈಸಿಕೊಳ್ಳುತ್ತಿದ್ದನು. ಇಂದು ಮಾತ್ರ ಆ ಮೇಜನ್ನು ದಾಟಿ ಹೋಗಿದ್ದನು.

“ಆಮೆ ಚಿಪ್ಪೇ ಇದು. ಈ ಹೊಳೇಲಿ ಇದೇ ಮೊದಲು!” ಎಂದಳು ತಜ್ಞೆ.

“ಮೊಸಳೆ ಬೆನ್ನಿನ ಫಲಕ,” ಎಂದಳು ಸೂಜಿ, ಯಾರೂ ಕೇಳದಿದ್ದರೂ. “ಮೇಲಿನ ಇಂಥ ಗುಳಿ ಆಮೆಗೂ ಇರ್ತವೆ, ಮೊಸಳೆಗೂ ಇರ್ತವೆ ಮೇಡಂ.”

“ಹಾಗಾದ್ರೆ ಅಡಿ ಮಣ್ಣು ಬಿಡಿಸಿ ನೋಡಿ. ಪಕ್ಕೆಲುಬು ಅಂಟಿದ್ರೆ ನನ್ನ ಆಮೆ, ಇಲ್ದಿದ್ರೆ ನಿಮ್ಮ ಮೊಸಳೆ.”

ತುಂಡನ್ನು ಸೂಜಿಯ ಮುಂದಿಟ್ಟು ತಜ್ಞೆಯೂ ಮೋಜಣಿದಾರನೂ ಕಾಫಿಗೆ ಹೊರಟರು. ಅವನ ನಗು ಕಾರಿಡಾರಿನುದ್ದಕ್ಕೂ ಕೇಳಿಸಿತು. ಇಷ್ಟೊಂದು ನಗು ಇಷ್ಟು ದಿನ ಎಲ್ಲಿತ್ತೋ!

ಮೊನೆಯಡಿ ಮಣ್ಣು ಕಣಕಣವಾಗಿ ಉದುರಿ, ಕಡ್ಡಿಯಷ್ಟು ತೆಳುವಾದ ಏಣೊಂದು ತಲೆದೋರಿತು. ಪಕ್ಕೆಲುಬು. ಕೈ ತುಸು ಜಾರಿದರೆ ಸಾಕು, ಅದು ಪುಡಿಯಾಗಿ ಮಣ್ಣಿನೊಡನೆ ಹೋಗುತ್ತಿತ್ತು. ಆಮೆಯೂ ಇಲ್ಲ, ತಜ್ಞೆ ಇಲ್ಲಿ ಉಳಿಯಲು ನೆವವೂ ಇಲ್ಲ. ಮೊನೆ ಏಣಿನ ಮೇಲೆಯೇ ನಿಂತಿತು. ಅವಳು ಹಲ್ಲು ಕಚ್ಚಿ, ಅಂಟಿನ ಹನಿಯಿಟ್ಟು ಏಣನ್ನು ಭದ್ರಪಡಿಸಿದಳು.

ಮರಳಿದವನು ಅವನೊಬ್ಬನೇ.

“ಹೋಗಿ ಹೇಳಿ, ನಿಮ್ಮ ಮೇಡಮ್ಮೇ ಗೆದ್ರು.”

“ನಮ್ಮ ಮೇಡಮ್ಮಾ?”

“ಮತ್ತಿನ್ಯಾರು? ಸಿಕ್ಕಿದ್ದು ನೇರ ಅವರ ಕೈಗೇ ಹೋಯ್ತಲ್ಲ. ಈ ಮೇಜು ಕಣ್ಣಿಗೇ ಬೀಳ್ಲಿಲ್ಲ.”

ಅವನು ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತನು. “ಅದು ನಿಜವಾದ ಮೂಳೆ ಕಣ್ರೀ. ಅದಕ್ಕೇ ಅವರಿಗೆ ಕೊಟ್ಟೆ.”

“ಅಂದ್ರೆ, ನನಗೆ ತರ್ತಿದ್ದಿದ್ದು?”

“ಬರೀ ಕಲ್ಲು. ಹೊಳೆ ದಂಡೇಲೇ ನಾಲಗೆಗಿಟ್ಟು ನೋಡಿ, ಅಂಟದೇ ಇರೋದನ್ನೇ ಆರಿಸಿ ತರ್ತಿದ್ದೆ.”

“ತಲೆ ಕೆಟ್ಟಿದ್ಯಾ ನಿಮಗೆ? ಯಾಕೆ?”

“ಮೂಳೆ ಆದ್ರೆ ನೀವು ಅದರ ಮೇಲೇ ಬಗ್ಗಿಬಿಡ್ತೀರ, ತಲೆ ಎತ್ತೋದೇ ಇಲ್ಲ. ಕಲ್ಲಾದ್ರೆ, ನನ್ನ ಮುಖ ನೋಡ್ಕೊಂಡು ಬೈತೀರ.”

ಸೂಜಿ ತಲೆಗೆ ಕಟ್ಟಿದ್ದ ಭೂತಗನ್ನಡಿಯನ್ನು ಮೇಲಕ್ಕೆ ಸರಿಸಿದಳು. ಬೈಗುಳ ತುಟಿಯವರೆಗೆ ಬಂದು ಅಲ್ಲೇ ನಗುವಾಯಿತು. ಆಮೆಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಅವನತ್ತ ಕುರ್ಚಿ ಎಳೆದಳು.

“ಕೂತ್ಕೊಳ್ಳಿ. ಬೈಯದೇನೇ ಮುಖ ನೋಡ್ತೀನಿ.”