ಸೋಮವಾರ ಬಂದ ಸುದ್ದಿ

ನೀರು ದಕ್ಷಿಣದ ಬೇಲಿಯನ್ನು ಮುಟ್ಟುವ ಮೊದಲು ಪರ್ಸಿ ಟಲ್ಲಿಯನ್ನು ಕರೆತರಬೇಕು. ಬುಧವಾರ ಬೆಳಿಗ್ಗೆ ಏಳೂಕಾಲಿಗೆ ಡೆಸ್ ಮತ್ತು ಐಲ್ಸಾ ಎಂಬ ಗಂಡ ಹೆಂಡತಿಯ ಮುಂದಿದ್ದ ಕೆಲಸ ಅದೊಂದೇ.

ಪರ್ಸಿ ಬೇಲಿ ಕಟ್ಟುವ ಮುದುಕ. ಗಂಡ ಹೆಂಡತಿ ನೋಡಿಕೊಳ್ಳುತ್ತಿದ್ದ ಮುಲ್ಲಾರಿ ಫಾರಂನ ಮನೆಯಿಂದ ನಲವತ್ತು ಮೈಲಿ ಆಚೆ, ನದಿಯ ಕವಲುಗಳ ನಡುವಿನ ಬಯಲಲ್ಲಿ, ಎರಡು ಕುದುರೆಗಳೊಂದಿಗೆ ಒಬ್ಬನೇ ಬಿಡಾರ ಹೂಡಿದ್ದ. ಅವನ ಬಳಿ ರೇಡಿಯೋ ಇರಲಿಲ್ಲ. ಉತ್ತರದ ಸೀಮೆಯಲ್ಲಿ ಸುರಿದ ಮಳೆ ಡಯಮಂಟಿನಾ ನದಿಯ ಕವಲುಗಳಲ್ಲಿ ಇಳಿದು ಬರುತ್ತಿದೆ, ಮಧ್ಯಾಹ್ನದೊಳಗೆ ಮುಲ್ಲಾರಿ ಫಾರಂನ ತಗ್ಗು ಬಯಲನ್ನು ತುಂಬುತ್ತದೆ ಎಂದು ಬೆಳಗಿನ ಹವಾಮಾನ ವರದಿ ಹೇಳಿತು. ಅದು ಮುಗಿಯುವಷ್ಟರಲ್ಲಿ ಡೆಸ್ ತಗಡಿನ ದೋಣಿಯನ್ನು ಟ್ರಕ್ಕಿಗೆ ಏರಿಸತೊಡಗಿದ್ದ.

"ಮೇಲಿನ ಫಾರಂನ ವಿನಿಫ್ರೆಡ್ ಒಂದು ಮಾತು ಮೊದಲೇ ಹೇಳಬಾರದಿತ್ತಾ?" ಎಂದ ಅವನು, ಹಗ್ಗ ಬಿಗಿಯುತ್ತ. "ನೀರು ಮೊದಲು ಅವಳ ಮನೆ ದಾಟಿ ತಾನೇ ಬರೋದು."

ಐಲ್ಸಾ ಕುಡಿಯುವ ನೀರಿನ ಕ್ಯಾನು ತರಲು ಒಳಗೆ ಹೋದಳು.

ವಿನಿಫ್ರೆಡ್ ಹೇಳಿದ್ದಳು. ಸೋಮವಾರ ಬೆಳಿಗ್ಗೆಯೇ ರೇಡಿಯೋದಲ್ಲಿ ಕರೆದು, ಮೂರು ದಿನದಿಂದ ಮಳೆ ನಿಂತಿಲ್ಲ, ತಗ್ಗಿನಲ್ಲಿರುವ ಪರ್ಸಿಯನ್ನು ಮೇಲಕ್ಕೆ ಕರೆಸಿಕೊಳ್ಳಿ ಎಂದು ಎರಡೆರಡು ಸಲ ಹೇಳಿದ್ದಳು. ಐಲ್ಸಾ ಅದನ್ನು ಚೀಟಿಯಲ್ಲಿ ಬರೆದೂ ಇಟ್ಟಿದ್ದಳು. ಆದರೆ ಆಗ ಅವಳು ಗಂಡನೊಂದಿಗೆ ಮಾತು ಬಿಟ್ಟು ನಾಲ್ಕು ದಿನವಾಗಿತ್ತು.

ಜಗಳ ಹುಟ್ಟಿದ್ದು ಟಪಾಲಿನ ವಿಮಾನ ಬಂದ ದಿನ. ಇನ್ನೂ ಎರಡು ವರ್ಷ ಇಲ್ಲೇ ಇರ್ತೀರಂತಲ್ಲ ಎಂದು ಪೈಲಟ್ ಕೇಳಿದಾಗಲೇ ಅವಳಿಗೆ ವಿಷಯ ತಿಳಿದದ್ದು. ಅಡುಗೆ, ರೇಡಿಯೋ, ಕೋಳಿ, ಮುರಿದ ಮೂಳೆ, ಜನರೇಟರಿನ ಎಣ್ಣೆ, ಎಲ್ಲವೂ ಅವಳ ಪಾಲಿಗೆ ಬರುತ್ತಿದ್ದ ಜಾಗದಲ್ಲಿ ಅವಳನ್ನು ಒಂದು ಮಾತೂ ಕೇಳದೆ ಡೆಸ್ ಮಾಲೀಕರಿಗೆ ಒಪ್ಪಿಗೆ ಕೊಟ್ಟುಬಿಟ್ಟಿದ್ದ. ಅಂದಿನಿಂದ ಊಟದ ತಟ್ಟೆ ಮೇಜಿನ ಮೇಲೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಸೋಮವಾರವೂ ಅವನು ತಲೆ ಎತ್ತದೆ ಉಂಡು ಎದ್ದು ಹೋದ. ಬೇಕಿದ್ದರೆ ಅವನೇ ಕೇಳಲಿ ಎಂದುಕೊಂಡಳು. ಮಂಗಳವಾರ ಅವನು ಬೆಳಕು ಹರಿಯುವ ಮೊದಲೇ ಕೊಳವೆಬಾವಿಗಳನ್ನು ನೋಡಲು ಹೊರಟುಹೋಗಿದ್ದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನೀರು ಬರಲು ವಾರವಾದರೂ ಬೇಕು ಎಂದು ತನಗೆ ತಾನೇ ಹೇಳಿಕೊಂಡು ಚೀಟಿಯನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟಳು.

ಈಗ ಆ ಚೀಟಿ ಅವಳ ಅಂಗಿಯ ಜೇಬಿನಲ್ಲಿತ್ತು.

ದಾರಿ ಎಂಬುದು ಎರಡು ಚಕ್ರದ ಗುರುತು, ಅಷ್ಟೇ. ಅದು ಕೆಂಪು ಮರಳಿನ ದಿಬ್ಬಗಳನ್ನು ಒಂದಾದ ಮೇಲೊಂದು ಹತ್ತಿ ಇಳಿಯುತ್ತಿತ್ತು. ದಿಬ್ಬಗಳ ನಡುವಿನ ಜೇಡಿನೆಲ ಬಿಸಿಲಿಗೆ ಬಿರಿದು, ಬಿರುಕುಗಳು ಕೈ ತೂರುವಷ್ಟು ಅಗಲವಾಗಿದ್ದವು. ಪ್ರತಿ ದಿಬ್ಬದ ನೆತ್ತಿಯಲ್ಲೂ ಡೆಸ್ ಟ್ರಕ್ಕು ನಿಧಾನಿಸಿ ದಕ್ಷಿಣಕ್ಕೆ ನೋಡುತ್ತಿದ್ದ. ಕೂಲಿಬಾ ಮರಗಳ ಬೂದು ಗೆರೆ, ಅದರಾಚೆ ಕುಣಿಯುವ ಬಿಸಿಲು, ಮತ್ತೇನೂ ಕಾಣುತ್ತಿರಲಿಲ್ಲ. ಹನ್ನೊಂದನೆಯ ದಿಬ್ಬದ ಮೇಲಿನಿಂದ ನೋಡಿದಾಗ ಆಕಾಶದಲ್ಲಿ ಪೆಲಿಕನ್ ಹಕ್ಕಿಗಳು ಸುತ್ತುತ್ತಿದ್ದವು. ಸಮುದ್ರದಿಂದ ನೂರಾರು ಮೈಲಿ ದೂರದ ಆ ಒಣ ನಾಡಿನಲ್ಲಿ ಅವು ಬಂದವೆಂದರೆ ನೀರು ಬಂದಂತೆಯೇ.

"ಅವನನ್ನ ಆ ತಗ್ಗಿಗೆ ಕಳಿಸಿದ್ದು ನಾನು," ಎಂದ ಡೆಸ್. "ಮೇಲಿನ ಬೇಲಿ ಮೊದಲು ಮಾಡ್ತೀನಿ ಅಂದಿದ್ದ. ನಾನೇ ಕೇಳಲಿಲ್ಲ."

ಹೇಳಿಬಿಡು ಎಂದು ಐಲ್ಸಾಳ ಒಳಗೆ ಯಾರೋ ತಿವಿದಂತಾಯಿತು. ಅವಳು ಕಿಟಕಿಯ ಕಡೆ ತಿರುಗಿದಳು.

ಕೊನೆಯ ದಿಬ್ಬದ ಬುಡದಲ್ಲಿ ರಸ್ತೆ ಮುಗಿದಿತ್ತು. ಕಂದು ನೀರು ನೊರೆಯ ಅಂಚು ಹೊತ್ತು ನಡೆಯುವ ಮನುಷ್ಯನ ವೇಗದಲ್ಲಿ ಮುಂದೆ ಬರುತ್ತಿತ್ತು. ಬಿರುಕುಗಳೊಳಗೆ ಇಳಿಯುವಾಗ ನೆಲ ಬುಸುಗುಟ್ಟುತ್ತಿತ್ತು. ಇಲಿ, ಜೇಡ, ಶತಪದಿ, ಬಿಲದಲ್ಲಿದ್ದದ್ದೆಲ್ಲ ಹೊರಬಿದ್ದು ದಿಬ್ಬದ ಕಡೆ ಓಡುತ್ತಿದ್ದವು.

ಪರ್ಸಿಯ ಬಿಡಾರ ಇನ್ನೂ ಎರಡು ಮೈಲಿ ಮುಂದಿತ್ತು. ಇಬ್ಬರೂ ದೋಣಿಯನ್ನು ಇಳಿಸಿ, ಮಾತಿಲ್ಲದೆ ಮೋಟಾರು ಕೂರಿಸಿದರು. ಆರು ವರ್ಷದಿಂದ ಜೊತೆಗೆ ದುಡಿದವರು. ಒಬ್ಬರು ಕೈ ಚಾಚಿದಾಗ ಇನ್ನೊಬ್ಬರ ಕೈಯಲ್ಲಿ ಬೇಕಾದ ಸಲಕರಣೆ ಇರುತ್ತಿತ್ತು.

ಮೊದಲ ಕವಲನ್ನು ದೋಣಿ ಸಲೀಸಾಗಿ ದಾಟಿತು. ಎರಡನೆಯದರಲ್ಲಿ ಸೆಳೆತ ಜೋರಾಗಿತ್ತು. ನಡುನೀರಿಗೆ ಬಂದಾಗ ಮೋಟಾರು ಒಮ್ಮೆ ಕಿರುಚಿ ನಿಂತುಬಿಟ್ಟಿತು.

"ಬೇಲಿ," ಎಂದ ಡೆಸ್. ಮುಳುಗಿದ ಮುಳ್ಳುತಂತಿ ಮೋಟಾರಿನ ರೆಕ್ಕೆಗೆ ಸುತ್ತಿಕೊಂಡಿತ್ತು.

ದೋಣಿ ಅಡ್ಡ ತಿರುಗಿತು. ಒಂದು ಅಂಚು ಬಾಗಿ ನೀರು ಒಳನುಗ್ಗಿತು. ಡೆಸ್ ಪ್ಲೈಯರ್ ಕಚ್ಚಿಕೊಂಡು ಹಿಂದಿನಿಂದ ನೀರಿಗೆ ಜಾರಿದ.

ಐಲ್ಸಾ ಪಕ್ಕದಲ್ಲೇ ನೀರಿನ ಮೇಲೆ ಬಾಗಿದ್ದ ಕೂಲಿಬಾ ಮರದತ್ತ ಹಗ್ಗ ಎಸೆದಳು. ಕೊಂಬೆಗೆ ಸಿಗಲಿಲ್ಲ. ಮತ್ತೆ ಎಸೆದಳು, ಸಿಕ್ಕಿತು. ಎಳೆದು ಬಿಗಿಯುವಾಗ ನೋಡಿದರೆ ಅದೇ ಕೊಂಬೆಯ ಮೇಲೆ, ಅವಳ ಮೊಣಕೈಯಿಂದ ಒಂದು ಗೇಣು ಆಚೆ, ವಿಷದ ಕಂದು ಹಾವೊಂದು ಸುತ್ತಿ ಕೂತಿತ್ತು.

ಕೈ ಬಿಟ್ಟರೆ ದೋಣಿ ಹೋಗುತ್ತದೆ, ದೋಣಿಯ ಹಿಂದೆ ಗಂಡನೂ ಹೋಗುತ್ತಾನೆ. ಅವಳು ಕೈ ಬಿಡಲಿಲ್ಲ. ಹಾವು ಅವಳನ್ನು ನೋಡಿತು. ಅದಕ್ಕೂ ಹೋಗಲು ಬೇರೆ ಜಾಗವಿರಲಿಲ್ಲ.

ತಂತಿ ತುಂಡಾಯಿತು. ತುಂಡಾಗುವಾಗ ಚಾಟಿಯಂತೆ ಹಾರಿ ಡೆಸ್‌ನ ಮುಂಗೈಯನ್ನು ಮಣಿಕಟ್ಟಿನವರೆಗೆ ಸೀಳಿತು. ಅವಳು ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದರಲ್ಲಿ ಅವನ ಕಾಲರು ಹಿಡಿದು ಒಳಕ್ಕೆ ಎಳೆದಳು.

ಮೋಟಾರು ಕೆಟ್ಟಿತ್ತು. ಹಾವು ಅಲುಗದೆ ಕೂತಿದ್ದ ಮರದಿಂದ ಮೆಲ್ಲನೆ ಹಗ್ಗ ಬಿಚ್ಚಿ, ಹುಟ್ಟು ಹಾಕಿ ದೋಣಿಯನ್ನು ಸೆಳೆತವಿಲ್ಲದ ನೀರಿಗೆ ತಂದು, ತಲೆಗೆ ಕಟ್ಟಿದ್ದ ಬಟ್ಟೆಯಿಂದ ಅವನ ಕೈ ಸುತ್ತಿದಳು. ಅವನ ಮುಖ ಬಿಳಿಚಿಕೊಂಡಿತ್ತು. ಪರ್ಸಿಗೆ ಏನಾದರೂ ಆದರೆ ತಾನು ಯಾರ ಮುಖವನ್ನೂ ನೋಡಲಾರೆ, ತನ್ನ ಹಟವೇ ಅವನನ್ನು ತಿಂದಿತು ಎಂದು ಗೊಣಗುತ್ತಿದ್ದ. ಅದನ್ನು ಕೇಳುತ್ತ ಕೂರಲು ಅವಳಿಂದ ಆಗಲಿಲ್ಲ.

"ನೀನಲ್ಲ ಡೆಸ್. ವಿನಿಫ್ರೆಡ್ ಸೋಮವಾರವೇ ಹೇಳಿದ್ಲು. ನಾನು ನಿನಗೆ ಹೇಳಲಿಲ್ಲ."

ಒದ್ದೆಯಾದ ಚೀಟಿಯನ್ನು ಅವನ ತೊಡೆಯ ಮೇಲಿಟ್ಟಳು. ಅವನು ಅದನ್ನು ನೋಡಿದ. ಎರಡು ದಿನವೆಂದರೆ ಏನೆಂದು ಲೆಕ್ಕ ಹಾಕುತ್ತಿರುವುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಮರೆತಿದ್ದಾ?"

"ಮರೆತಿರಲಿಲ್ಲ. ಸಿಟ್ಟಿತ್ತು."

ಅವನು ಬೈಯುತ್ತಾನೆಂದು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. "ಹುಟ್ಟು ಹಾಕು," ಎಂದನಷ್ಟೇ. "ನನ್ನ ಕೈಲಾಗಲ್ಲ."

ಒಂದೂವರೆ ಮೈಲಿ ಅವಳೇ ಹುಟ್ಟು ಹಾಕಿದಳು. ಅಂಗೈಯಲ್ಲಿ ಗುಳ್ಳೆಗಳು ಎದ್ದು ಒಡೆದವು. ಡೆಸ್ ಮುಂದೆ ಕೂತು, ತಂತಿ ಎಲ್ಲಿದೆ, ಮರ ಎಲ್ಲಿದೆ ಎಂದು ಹೇಳುತ್ತಿದ್ದ.

ಪರ್ಸಿ ತನ್ನ ಗಾಡಿಯ ಮೇಲೆ, ಸಲಕರಣೆಯ ಪೆಟ್ಟಿಗೆಯ ಮೇಲೊಂದು ಪೆಟ್ಟಿಗೆ ಇಟ್ಟು ಕೂತಿದ್ದ. ನೀರು ಗಾಡಿಯ ಹಲಗೆ ಮುಟ್ಟಿತ್ತು. ಅವನ ಒಂದು ಪಾದ ಬೂಟಿನೊಳಗೆ ಹಿಡಿಸದಷ್ಟು ಊದಿತ್ತು.

"ಮಿಸ್ಸಸ್‌ನ ದುಡಿಸಿ ನೀನು ಆರಾಮಾಗಿ ಕೂತಿದ್ದೀಯಲ್ಲೋ ಮಾರಾಯ," ಎಂದ ಡೆಸ್‌ಗೆ. ಆದರೆ ಅವನ ಕಣ್ಣು ಅವರಾಚೆಗಿನ ನೀರಿನ ಮೇಲಿತ್ತು. "ಕುದುರೆಗಳು ಸಿಕ್ಕವಾ ದಾರೀಲಿ?"

ಹಿಂದಿನ ಸಂಜೆ ಎಂದಿನಂತೆ, ದೂರ ಹೋಗದಿರಲೆಂದು ಅವುಗಳ ಮುಂಗಾಲುಗಳಿಗೆ ಚರ್ಮದ ಪಟ್ಟಿ, ಸರಪಳಿ ಹಾಕಿ ಮೇಯಲು ಬಿಟ್ಟಿದ್ದ. ಬೆಳಿಗ್ಗೆ ನೀರಿನ ಸದ್ದು ಕೇಳಿ ಹುಡುಕಲು ಓಡಿದವನು ಬಿರುಕಿನಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದ. ಕಾಲು ಕಟ್ಟಿದ ಕುದುರೆ ಈಜಲಾರದು. ಅವನು ಅದನ್ನು ಹೇಳಬೇಕಾಗಿರಲಿಲ್ಲ. ಅವು ಸಿಗದೆ ತಾನು ಬರುವುದಿಲ್ಲ ಎಂದು ಮಾತ್ರ ಹೇಳಿದ.

ಹುಡುಕಿಯೇ ಹೋಗೋಣ ಎಂದು ಒಪ್ಪಿಸಿ ಅವನನ್ನು ದೋಣಿಗೆ ಹತ್ತಿಸಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಹುಡುಕಿದ್ದು ಇನ್ನೊಂದು ಗಂಟೆ. ಲಿಗ್ನಮ್ ಪೊದೆಗಳ ಹಿಂದೆ, ಏರುಜಾಗದ ತುದಿಯಲ್ಲಿ, ಎದೆಯವರೆಗಿನ ನೀರಿನಲ್ಲಿ ಡ್ಯೂಕ್ ಎಂಬ ಗಂಡು ಕುದುರೆ ನಿಂತಿತ್ತು. ಕತ್ತು ಎತ್ತಿ ಎತ್ತಿ ದಣಿದು ಬಾಯಿ ನೀರಿಗೆ ತಾಗುತ್ತಿತ್ತು. ದೋಣಿ ಹತ್ತಿರ ಬಂದಂತೆ ಬೆದರಿ ಹಿಂದೆ ಸರಿಯಿತು. ಇನ್ನೆರಡು ಹೆಜ್ಜೆ ಹಿಂದೆ ಆಳ ಕವಲು.

"ದೋಣಿ ನಿಲ್ಲಿಸಿ," ಎಂದು ಐಲ್ಸಾ ನೀರಿಗಿಳಿದಳು.

ಬೇಡವೆನ್ನಲು ಬಾಯಿ ತೆರೆದ ಡೆಸ್, ದೋಣಿ ಸರಿಯದಂತೆ ಪೊದೆಯೊಂದನ್ನು ಹಿಡಿದುಕೊಂಡ.

ಅವಳು ಕುದುರೆಯ ಹೆಸರು ಹಿಡಿದು ಮಾತಾಡಿಸುತ್ತ ನಡೆದಳು. ಕತ್ತಿನ ಮೇಲೆ ಕೈಯಿಟ್ಟಳು. ಅದು ನಡುಗುತ್ತಿತ್ತು. ಉಸಿರು ಕಟ್ಟಿ ಮುಳುಗಿದಳು. ಕಣ್ಣು ಕಾಣದ ಕೆಸರಿನಲ್ಲಿ ಕಾಲು ತಡವಿ ಬಕಲ್ ಹುಡುಕಿದಳು. ಚರ್ಮ ನೆನೆದು ಉಬ್ಬಿತ್ತು. ಬಿಚ್ಚಲಾಗಲಿಲ್ಲ.

ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗಿದಳು. ಗೊರಸು ಅವಳ ಭುಜಕ್ಕೆ ಬಡಿಯಿತು. ಮೂರನೆಯ ಸಲ ಡೆಸ್‌ನ ಚಾಕು ತೆಗೆದುಕೊಂಡು ಹೋದಳು. ಪಟ್ಟಿ ತುಂಡಾಗಿ ಕಳಚಿ ಬಂತು.

ಡ್ಯೂಕ್ ಹಗ್ಗ ಕಟ್ಟಿಸಿಕೊಂಡು ದೋಣಿಯ ಹಿಂದೆ ಈಜಿತು. ಬಿಡ್ಡಿ ಎಂಬ ಹೆಣ್ಣು ಕುದುರೆ ಸಿಗಲಿಲ್ಲ. ಪರ್ಸಿ ಬಾಯಿಗೆ ಕೈ ಅಡ್ಡ ಹಿಡಿದು ಅದರ ಹೆಸರು ಕೂಗುತ್ತಲೇ ಇದ್ದ. ಹೊತ್ತು ಇಳಿಯುವಾಗ ಅವನೇ, "ಸಾಕು, ನಡೀರಿ," ಎಂದ.

ದಿಬ್ಬಕ್ಕೆ ಬರುವ ಹೊತ್ತಿಗೆ ನೀರು ಟ್ರಕ್ಕಿನ ಮುಂದಿನ ಚಕ್ರ ಮುಟ್ಟಿತ್ತು. ಅದನ್ನು ಹಿಂದೆ ತೆಗೆದು, ಮುದುಕನನ್ನು ಒಣ ಮರಳಿನ ಮೇಲೆ ಕೂರಿಸಿ, ಡೆಸ್ ಒಂದೇ ಕೈಯಲ್ಲಿ ಟೀ ಕಾಯಿಸಿದ. ಮೂರು ಜೀವ ಹೊರಗೆ ಬಂದಿದ್ದವು, ಕುದುರೆ ಸೇರಿದರೆ ನಾಲ್ಕು. ಡೆಸ್ ಅದನ್ನೇ ಹೇಳಿ ಪರ್ಸಿಯನ್ನು ಸಮಾಧಾನ ಮಾಡಲು ನೋಡಿದ. ಮಿಸ್ಸಸ್ ಇಲ್ಲದಿದ್ದರೆ ಡ್ಯೂಕನೂ ಹೋಗುತ್ತಿದ್ದ, ನಿನ್ನ ಉಪಕಾರ ಮರೆಯೋದಿಲ್ಲ ಎಂದು ಪರ್ಸಿ ಅವಳ ಕಡೆ ತಿರುಗಿದ.

ಆ ಮಾತು ಅವಳನ್ನು ಸುಟ್ಟಂತಾಯಿತು. ಸುಮ್ಮನಿದ್ದರೆ ಡೆಸ್ ಯಾರಿಗೂ ಹೇಳುವವನಲ್ಲ. ಅದು ಅವಳಿಗೆ ಗೊತ್ತಿತ್ತು. ಪರ್ಸಿಯ ಎದುರು ಮಂಡಿಯೂರಿ ಕೂತು ಎಲ್ಲವನ್ನೂ ಹೇಳಿದಳು, ವಿನಿಫ್ರೆಡ್, ಜಗಳ, ಚೀಟಿ, ಸಕ್ಕರೆ ಡಬ್ಬಿ.

ಪರ್ಸಿ ಮಗ್ಗು ಕೆಳಗಿಟ್ಟ. "ಸೋಮವಾರ," ಎಂದ. "ಸೋಮವಾರ ತಿಳಿದಿದ್ರೆ ನಿನ್ನೆ ಸಂಜೆ ನಾನು ಬಿಡ್ಡಿ ಕಾಲು ಕಟ್ತಿರಲಿಲ್ಲ."

ಹೋಗಲಿ ಬಿಡು ಎಂದು ಅವನು ಹೇಳಲಿಲ್ಲ. ಡ್ಯೂಕನ್ನು ಟ್ರಕ್ಕಿಗೆ ಹತ್ತಿಸಿಕೊಂಡು ರಾತ್ರಿಯ ಹೊತ್ತಿಗೆ ಮನೆ ಮುಟ್ಟಿದರು.

ನೀರು ಫಾರಂ ಮನೆಯನ್ನು ಸುತ್ತಿ ಮೂರು ವಾರ ದ್ವೀಪ ಮಾಡಿತು. ಮರುದಿನ ಬೆಳಿಗ್ಗೆ ಐಲ್ಸಾ ರೇಡಿಯೋದಲ್ಲಿ ವಿನಿಫ್ರೆಡ್‌ಳನ್ನು ಕರೆದು, ನೀನು ಹೇಳಿದ್ದು ಸರಿಯಾಗಿತ್ತು, ತಪ್ಪು ನನ್ನದು ಎಂದಳು. ಸುತ್ತಿನ ಫಾರಂಗಳೆಲ್ಲ ಕೇಳಿಸಿಕೊಳ್ಳುವ ಹೊತ್ತು ಅದು. ಡೆಸ್ ಬಾಗಿಲಲ್ಲಿ ನಿಂತಿದ್ದ. ಅವಳು ಮುಗಿಸಿದ ಮೇಲೆ ಒಳಗೆ ಬಂದು, ಎರಡು ವರ್ಷದ ವಿಷಯ ನಿನ್ನನ್ನ ಕೇಳಬೇಕಿತ್ತು ಎಂದ. ಅವರು ಅಂದು ಮಧ್ಯಾಹ್ನದವರೆಗೆ ಮಾತಾಡಿದರು. ಒಂದು ವರ್ಷ ಇರುವುದು, ಆಮೇಲೆ ಇಬ್ಬರೂ ಕೂತು ನೋಡುವುದು ಎಂದಾಯಿತು.

ಪರ್ಸಿ ಜಗಲಿಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದ. ಅವಳು ತಂದಿಟ್ಟದ್ದನ್ನು ಉಣ್ಣುತ್ತಿದ್ದ, ಮಾತಾಡುತ್ತಿರಲಿಲ್ಲ. ನಾಲ್ಕನೆಯ ದಿನ ಅವಳನ್ನು ಕರೆದ.

"ಡ್ಯೂಕ್‌ಗೆ ಒಬ್ಬನೇ ಇದ್ದು ಗೊತ್ತಿಲ್ಲ. ಹನ್ನೆರಡು ವರ್ಷ ಬಿಡ್ಡಿ ಪಕ್ಕದಲ್ಲೇ ನಿಂತವನು. ಮೇವು ಮುಟ್ತಾ ಇಲ್ಲ. ನನಗೆ ನಡೆಯೋಕಾಗಲ್ಲ. ದಿನಾ ಬೆಳಿಗ್ಗೆ ಹೋಗಿ ಅವನ ಪಕ್ಕ ನಿಂತ್ಕೋ, ಮಿಸ್ಸಸ್."

"ಎಷ್ಟು ದಿನ?"

"ಅವನು ಸಾಕು ಅನ್ನೋವರೆಗೆ."

ಅವಳು ಹೋದಳು. ಮೊದಲ ದಿನ ಡ್ಯೂಕ್ ಅವಳಿಗೆ ಬೆನ್ನು ಹಾಕಿ ದಕ್ಷಿಣದ ನೀರಿನ ಕಡೆ ನೋಡುತ್ತ ನಿಂತಿತ್ತು. ಎರಡನೆಯ ದಿನವೂ ಹಾಗೆಯೇ. ಅವಳು ಏನೂ ಮಾಡದೆ ಬಿಸಿಲೇರುವವರೆಗೆ ಪಕ್ಕದಲ್ಲಿ ನಿಂತು ಬರುತ್ತಿದ್ದಳು. ಕೆಲವು ದಿನ ಡೆಸ್ ಕೂಡ ಬಂದು ಇನ್ನೊಂದು ಪಕ್ಕದಲ್ಲಿ ನಿಲ್ಲುತ್ತಿದ್ದ.

ಒಂಬತ್ತನೆಯ ಬೆಳಿಗ್ಗೆ ಅವಳು ಗೇಟು ತೆಗೆಯುವಾಗ ಡ್ಯೂಕ್ ತಲೆ ತಿರುಗಿಸಿ ನೋಡಿತು. ಆಮೇಲೆ ನಿಧಾನವಾಗಿ, ಮುಂಗಾಲುಗಳನ್ನು ಒಂದೊಂದಾಗಿ ಎತ್ತಿಡುತ್ತ, ಅವಳ ಕಡೆಗೆ ನಡೆದು ಬಂತು.