ಫಕ್ಕೀರಸಾಬನ ಜವಾಬು

ಆ ಮುಂಜಾನೆ ಮೋಟೆಬೆನ್ನೂರಿನ ಮೇಲೆ ಮಂಜು ಕವಿದಿತ್ತು. ಕಣದಲ್ಲಿ ಹರವಿದ ಮೆಣಸಿನಕಾಯಿಯ ಘಾಟು ಅದರೊಳಗೆ ಸಿಕ್ಕಿಕೊಂಡು ಮೂಗು ಚುಚ್ಚುತ್ತಿತ್ತು. ಕಣ್ಣಿಗೆ ಪೊರೆ ಬಂದಿದ್ದ ದೌಲತಬಿ ಒಂದು ಹಳೆಯ ವಹಿಯನ್ನು ಎದೆಗವಚಿಕೊಂಡೇ ಮಾತಾಡಿದಳು. ಬಟ್ಟೆ ಹೊಲಿಯುತ್ತಿದ್ದ ಅವಳ ಗಂಡ ಫಕ್ಕೀರಸಾಬ ಬರೆದಿಟ್ಟು ಹೋದ ಮೊಹರಂ ಪದಗಳ ವಹಿ ಅದು.

"ಹಾಡ್ರಿ, ಅಚ್ಚ ಹಾಕಸ್ರಿ. ಆದ್ರ ಪ್ರತಿ ಪದದ ಕಡೀ ನುಡಿಯೊಳಗ ಅವರ ಹೆಸರೈತಿ. ಅದನ್ನ ಮಾತ್ರ ತಗೀಬ್ಯಾಡ್ರಿ ಸರ. ಮಂತ್ರಾ ಹಾಕಿ ಕಟ್ಯಾರ. ತಗದವರಿಗೆ ತಾವ ಬಂದು ಜವಾಬು ಹಾಡತಾರ."

ರಾಣೆಬೆನ್ನೂರಿನ ಕಾಲೇಜಿಗೆ ಹೊಸದಾಗಿ ಬಂದಿದ್ದ ಮಾಸ್ತರ ವಿಜಯಮಹಾಂತೇಶ ವಹಿಯನ್ನು ಈಸಿಕೊಂಡು ನಕ್ಕ. "ಸತ್ತು ಹತ್ತು ವರ್ಷಾತಲ್ಲಬೇ ಅಜ್ಜಿ. ಇನ್ನೂ ದನಿ ಕೂಡತೈತೇನು?"

೨೦೦೫ರ ಯುಗಾದಿಗೆ ಪುಸ್ತಕ ಬಂತು. ನಲವತ್ತು ಪದ. ನಲವತ್ತರ ಕಡೆಯ ನುಡಿಯಲ್ಲೂ ಫಕ್ಕೀರಸಾಬನಿದ್ದ ಜಾಗಕ್ಕೆ ವಿಜಯಮಹಾಂತೇಶನೇ ಬಂದು ಕೂತಿದ್ದ.

ಬ್ಯಾಡಗಿಯಲ್ಲಿ ಬಿಡುಗಡೆ. ನಡುಹಗಲು. ವಹಿ ಹಿಡಿದು ಮಾಸ್ತರ ತಾನೇ ಸವಾಲಿನ ಪದವೊಂದನ್ನು ಎತ್ತಿಕೊಂಡ. ಅದಕ್ಕೆ ಜವಾಬಿನ ಪದವನ್ನು ಮುದುಕ ಬರೆದೇ ಇರಲಿಲ್ಲ. ಎದುರಿನ ಪುಟ ಖಾಲಿ.

"ಹರಿಯೋ ಹೊಳಿಗೆ ನೆರಳ ಹೊಲಿದವರ್ಯಾರೋ?"

ಲೋಬಾನದ ಧೂಪದ ವಾಸನೆ ಬಂತು. ಪಂಖ ನಿಂತಿತು. ಕಿಟಕಿಯ ಬಿಸಿಲು ಕಪ್ಪಿಟ್ಟಿತು. ಖಾಲಿ ಪುಟದಲ್ಲಿ ಅಕ್ಷರ ಮೂಡತೊಡಗಿದವು, ಹಸಿಹಸಿಯಾಗಿ. ಅವನದೇ ಗಂಟಲಿನಿಂದ ಒಡಕು ಮುದಿದನಿಯೊಂದು ಹೊರಟಿತು:

"ನೆರಳ ಹೊಲಿದವ ನಾನೋ, ಹೆಸರ ಹರಿದವ ನೀನೋ. ನಿನ್ನ ಹೆಸರೇನೋ?"

ಬಾಯಿ ಮುಚ್ಚಿದ. ದನಿ ನಿಲ್ಲಲಿಲ್ಲ. ಹೆಸರು ಹೇಳಹೋದ. ನಾಲಗೆ ಏಳಲಿಲ್ಲ. ಪುಸ್ತಕದ ಮುಖಪುಟ ನೋಡಿದ. ಬರಿದು. ಕಿಸೆಯಿಂದ ಗುರುತಿನ ಚೀಟಿ ತೆಗೆದ. ಬರಿದು. ಮುಂದಿನ ಸಾಲಿನಲ್ಲಿದ್ದ ಹೆಂಡತಿ ಪುಷ್ಪಲತಾಳ ಕೈ ಹಿಡಿದ.

"ನನ್ನ ಹೆಸರ ಹಿಡಿದು ಕರಿ! ಲಗೂ ಕರಿಯೇ!"

ಅವಳು ಕೈ ಕಿತ್ತುಕೊಂಡಳು. "ಯಾರ್ರೀ ನೀವು?"

ಹೊತ್ತು ಮುಳುಗುವ ಮುಂಚೆ ಅವನು ಮೋಟೆಬೆನ್ನೂರಿನ ಅದೇ ಬಾಗಿಲಲ್ಲಿದ್ದ. ಪುಸ್ತಕದ ನಲವತ್ತು ಪದಗಳಿಗೂ ಫಕ್ಕೀರಸಾಬನ ಹೆಸರನ್ನು ಬಸ್ಸಿನಲ್ಲೇ ಕೂತು ತನ್ನ ಕೈಯಾರೆ ಬರೆದು ತಂದಿದ್ದ. ತನ್ನ ಹೆಸರು ಮಾತ್ರ ಇನ್ನೂ ನೆನಪಿಗೆ ಬಂದಿರಲಿಲ್ಲ.

"ಯಾರವರು?" ಕತ್ತಲೆಗಣ್ಣಿನಿಂದ ದೌಲತಬಿ ಕೇಳಿದಳು.

ಅವನು ವಹಿಯನ್ನು ಅವಳ ಕೈಗಿಟ್ಟ. ಅವಳ ಬೆರಳು ಪುಟ ತಿರುವಿದವು, ಖಾಲಿಯಿದ್ದ ಪುಟಕ್ಕೆ ಬಂದು ನಿಂತವು. ಮಸಿ ಇನ್ನೂ ಹಸಿಯಿತ್ತು.

"ಬಂದ್ರೇನ್ರೀ?" ಎಂದು ಅವಳು ವಹಿಯನ್ನು ಮಾತಾಡಿಸಿದಳು.