ತಂತಿ ಕಿತ್ತ ಸರ್ವರ್

ಸರ್ವರ್ ನೋಡಿಕೊಳ್ಳುವವನು ತೆರೆದು ನೋಡದ ಬ್ಯಾಕಪ್ ಅನ್ನು ನಂಬಬಾರದು. ಇದನ್ನು ನನಗೆ ಕಲಿಸಿದವರು ಈ ಆಸ್ಪತ್ರೆಯಲ್ಲಿ ನನಗಿಂತ ಮೊದಲು ಈ ಕೆಲಸದಲ್ಲಿದ್ದ ಹಿರಿಯರು. ಖರ್ಚು ಜಾಸ್ತಿ ಎಂದು ಅವರನ್ನು ತೆಗೆದಾಗ ನಾನು ತುಟಿ ಬಿಚ್ಚಲಿಲ್ಲ. ಅವರ ಹಳೆಯ ಸರ್ವರ್‌ನ ಕರೆಂಟಿನ ತಂತಿ, ನೆಟ್‌ವರ್ಕ್ ತಂತಿ ಎರಡನ್ನೂ ನಾನೇ ಕಿತ್ತೆ. ಮರುವರ್ಷ ಅವರು ತೀರಿಕೊಂಡರು.

ಕಳೆದ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಹೊಸ ಸರ್ವರ್ ಕೆಟ್ಟು ರೋಗಿಗಳ ದಾಖಲೆಗಳೆಲ್ಲ ಹೋದವು. ಬ್ಯಾಕಪ್ ತೆರೆದರೆ ಖಾಲಿ. ಅದನ್ನು ಪರೀಕ್ಷಿಸಿದ್ದೇನೆ ಎಂದು ಪ್ರತಿ ತಿಂಗಳೂ ನೋಡದೆಯೇ ಸಹಿ ಹಾಕಿದ್ದೆ.

"ಸಹಿ ಮಾತ್ರ ದೊಡ್ಡದಾಗಿ ಹಾಕ್ತಿದ್ರಲ್ರೀ!" ಎಂದರು ಮ್ಯಾನೇಜರ್. "ಮಧ್ಯಾಹ್ನದೊಳಗೆ ದಾಖಲೆ ಬರ್ಲಿಲ್ಲ ಅಂದ್ರೆ ನಾಳೆಯಿಂದ ನೀವೂ ಬರಬೇಡಿ."

ಸರ್ವರ್ ಕೋಣೆ ಎಂದಿನಂತೆ ಹದಿನೆಂಟು ಡಿಗ್ರಿಯಲ್ಲಿ ತಣ್ಣಗಿತ್ತು. ಮೂಲೆಯಲ್ಲಿದ್ದ ಹಳೆಯ ಸರ್ವರ್‌ನ ಬಳಿ ಮಾತ್ರ ಬಿಸಿಗಾಳಿ ಮುಖಕ್ಕೆ ಬಡಿಯಿತು. ನಾನು ಸುತ್ತಿಟ್ಟ ತಂತಿಗಳು ಧೂಳು ಹಿಡಿದು ಅದರ ಮೇಲೆಯೇ ಇದ್ದವು. ಒಳಗೆ ಫ್ಯಾನ್ ತಿರುಗುತ್ತಿತ್ತು. ಕೈ ಇಟ್ಟೊಡನೆ ನಿಂತಿತು.

ಅದರ ಡಿಸ್ಕ್ ಬಿಚ್ಚಿ ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಒಂದು ದಾಖಲೆಯೂ ಕಾಣೆಯಾಗಿರಲಿಲ್ಲ. ಹನ್ನೊಂದೂವರೆಗೆ ಎಲ್ಲವೂ ಮೊದಲಿನಂತಾಯಿತು.

"ಪರವಾಗಿಲ್ವೇ! ಆ ಹಳೇ ಮನುಷ್ಯನಿಗೆ ಇಷ್ಟು ಮುಂದಾಲೋಚನೆ ಇರ್ಲಿಲ್ಲ ಬಿಡಿ," ಎಂದು ಮ್ಯಾನೇಜರ್ ನಕ್ಕರು. ನಾನೂ ನಕ್ಕೆ. ಬ್ಯಾಕಪ್ ತೆಗೆದಿಟ್ಟವನು ನಾನೇ ಎಂದು ವರದಿ ಬರೆದುಕೊಟ್ಟೆ.

ವರದಿಯಲ್ಲಿ ಬಿಟ್ಟ ಸಂಗತಿ ಒಂದಿದೆ. ಆ ಡಿಸ್ಕಿನಲ್ಲಿದ್ದ ಕೊನೆಯ ದಾಖಲೆ, ಅದೇ ದಿನ ಬೆಳಿಗ್ಗೆ ಎಂಟು ಐವತ್ತೆಂಟಕ್ಕೆ ಹುಟ್ಟಿದ ಹೆಣ್ಣುಮಗುವಿನದು.